ಅನ್ನಪೂರ್ಣ ಸರ್ಕ್ಯೂಟ್ ಚಾರಣ: ದಿನಕ್ಕೆ ಎಷ್ಟು ಹಣ ಇಟ್ಟುಕೊಳ್ಳಬೇಕು?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್ ಕೊನೆಯ ವಾರದಲ್ಲಿ ನಾನು ಮತ್ತು ನನ್ನ ಪತ್ನಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಹೊರಡುವವರಿದ್ದೇವೆ. ಕುಮಾರಪರ್ವತ ಮತ್ತು ತಡಿಯಂಡಮೋಳ್ ಹತ್ತಿ ಇಳಿದದ್ದನ್ನು ಬಿಟ್ಟರೆ ನಮಗೆ ಬೇರೆ ಅನುಭವವಿಲ್ಲ, ಹಿಮಾಲಯವಂತೂ ಇದೇ ಮೊದಲು. ಕಠ್ಮಂಡುವಿನಿಂದ ಬಸ್ಸಿನಲ್ಲಿ ಬೇಸಿಸಹರ್, ಮರುದಿನ ಜೀಪಿನಲ್ಲಿ ಚಾಮೆ, ಅಲ್ಲಿಂದ ನಡಿಗೆಯಲ್ಲಿ ಪಿಸಾಂಗ್, ಮನಾಂಗ್‌ನಲ್ಲಿ ಎರಡು ರಾತ್ರಿ, ಬಳಿಕ ಯಾಕ್ ಖರ್ಕ, ಥೋರಾಂಗ್ ಫೇದಿ, ಎಂಟನೆಯ ದಿನ 5,416 ಮೀಟರ್ ಎತ್ತರದ ಥೋರಾಂಗ್ ಲಾ ಕಣಿವೆಮಾರ್ಗವನ್ನು ದಾಟಿ ಮುಕ್ತಿನಾಥ, ಒಂಬತ್ತನೆಯ ದಿನ ಜೋಮ್‌ಸೋಮ್, ಹತ್ತನೆಯ ದಿನ ಪೋಖರಾ ಎಂದು ಯೋಜಿಸಿದ್ದೇವೆ.

ಒಬ್ಬರಿಗೆ ದಿನಕ್ಕೆ 2,500 ಭಾರತೀಯ ರೂಪಾಯಿಯಂತೆ ಹತ್ತು ದಿನಕ್ಕೆ 25,000 ಎಂದು ಲೆಕ್ಕ ಹಾಕಿದ್ದೇನೆ. ವಿಮಾನ, ವಿಮೆ ಮತ್ತು ಕಠ್ಮಂಡುವಿನ ವಾಸ್ತವ್ಯ ಇದರಲ್ಲಿ ಸೇರಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ನನ್ನ ತಂದೆ ತಾಯಿಗೆ ಮುಕ್ತಿನಾಥನ ದರ್ಶನ ಬಹುಕಾಲದ ಆಸೆಯಾಗಿರುವುದರಿಂದ ಅವರು ಪೋಖರಾದಿಂದ ವಾಹನದಲ್ಲಿ ಬಂದು ಎಂಟನೆಯ ದಿನದ ಸಂಜೆ ಮುಕ್ತಿನಾಥದಲ್ಲಿ ನಮ್ಮನ್ನು ಕೂಡಿಕೊಳ್ಳುವರು. ಈ ಮೊತ್ತ ಸಾಕೇ, ಹೋಗಿ ಬಂದವರು ದಯವಿಟ್ಟು ತಿಳಿಸಿ.

ಲೆಕ್ಕದ ಪುಸ್ತಕ:

ಊಟ ಮತ್ತು ವಸತಿಗೆ ಮಾತ್ರವಾದರೆ 2,500 ರೂಪಾಯಿ ಧಾರಾಳವಾಗಿ ಸಾಕು. ನೇಪಾಳಿ ರೂಪಾಯಿಯ ದರವನ್ನು 1993ರಿಂದಲೂ ನಮ್ಮ ರೂಪಾಯಿಗೆ 1.6ರಂತೆ ಕಟ್ಟಿಹಾಕಿರುವುದರಿಂದ ನಿಮ್ಮ 2,500 ಅಲ್ಲಿ 4,000 ಆಗುತ್ತದೆ. ಟೀಹೌಸಿನಲ್ಲಿ (ದಾರಿಯ ಹಳ್ಳಿಗಳಲ್ಲಿ ಚಾರಣಿಗರಿಗೆ ಊಟ, ಕೋಣೆ ಕೊಡುವ ಮನೆ) ಒಬ್ಬರ ದಿನದ ಊಟ ವಸತಿಗೆ ಕೆಳಗಿನ ಹಳ್ಳಿಗಳಲ್ಲಿ ಅದರ ಮುಕ್ಕಾಲು ಭಾಗವೂ ಖರ್ಚಾಗುವುದಿಲ್ಲ. ಉಳಿದದ್ದು ಮೇಲಿನ ದುಬಾರಿ ದಿನಗಳಿಗೆ ಸರಿಹೋಗುತ್ತದೆ. ಸರಾಸರಿ ಎನ್ನುವುದು ಇರುವುದೇ ಇದಕ್ಕಾಗಿ. ಅನಗತ್ಯವಾಗಿ ನಗದಿನ ಕಂತೆ ಹೊತ್ತು ಬೆಟ್ಟ ಹತ್ತುವುದರಲ್ಲಿ ಅರ್ಥವಿಲ್ಲ.

ಕೊಡಚಾದ್ರಿ ಕಾಲುದಾರಿ:

ಹೇಮಾವತಿಯವರೇ, ಕೆಲವು ವರ್ಷಗಳ ಹಿಂದೆ ನಾನೂ ಒಬ್ಬ ಗೆಳೆಯನೊಂದಿಗೆ ಇದೇ ದಾರಿಯಲ್ಲಿ ನಡೆದವನು. ಆಗ ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಂಡು ಆಮೇಲೆ ಲೆಕ್ಕಕ್ಕೆ ಬರುತ್ತೇನೆ.

ನಾವಿಬ್ಬರೂ ನಿಮ್ಮಂತೆಯೇ ಒಟ್ಟು ಮೊತ್ತವನ್ನು ದಿನಗಳಿಂದ ಭಾಗಿಸಿ ಹೊರಟಿದ್ದೆವು. ಮೊದಲ ನಾಲ್ಕು ದಿನ ಹಣ ಉಳಿಯಿತು. ಉಳಿದ ಹಣವನ್ನು ನೋಡಿ ಧೈರ್ಯ ಬಂದು ಮನಾಂಗ್‌ನಲ್ಲಿ ಬೇಕರಿಯ ಸೇಬಿನ ಪೈ, ಬಿಸಿನೀರಿನ ಸ್ನಾನ, ಕಾಫಿ ಎಂದು ಕೈ ಸಡಿಲ ಬಿಟ್ಟೆವು. ಥೋರಾಂಗ್ ಫೇದಿ ತಲುಪಿದ ಸಂಜೆ ಗೆಳೆಯನಿಗೆ ತಲೆನೋವು ಶುರುವಾಗಿ ರಾತ್ರಿ ಎರಡು ಬಾರಿ ವಾಂತಿಯಾಯಿತು. ಆ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿದ್ದದ್ದು ಒಂದು ರಾತ್ರಿಯ ಹಣ ಮತ್ತು ಮುಕ್ತಿನಾಥದಿಂದ ಪೋಖರಾಕ್ಕೆ ಹೋಗುವ ಬಸ್ಸಿನ ಹಣ ಮಾತ್ರ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ತಲೆದೀಪ ಕಟ್ಟಿಕೊಂಡು ಹೊರಡುತ್ತಿರುವಾಗ ನಾನು ಅವನಿಗೆ, 'ಇನ್ನೇನು ಒಂದೇ ದಿನ, ಹೇಗೋ ದಾಟಿಬಿಡೋಣ' ಎಂದೆ. ಬುದ್ಧಿಯನ್ನು ಬದಿಗೆ ಸರಿಸಿ ಹಣದ ಚೀಲ ಆಡಿಸಿದ ಮಾತು ಅದು. ನಮ್ಮ ಗೈಡ್ ಖಂಡಿತವಾಗಿ ನಿರಾಕರಿಸಿ ಗೆಳೆಯನನ್ನು ಕೆಳಗಿಳಿಸಿದರು. ಮನಾಂಗ್‌ನಲ್ಲಿ ಎರಡು ದಿನ ಉಳಿದು ಅವನು ಚೇತರಿಸಿಕೊಂಡ ಮೇಲೆ ಮತ್ತೆ ಹತ್ತಿ ದಾಟಿದೆವು. ಆ ಹೆಚ್ಚುವರಿ ದಿನಗಳ ಖರ್ಚಿಗೆ ಅದೇ ಗೈಡ್ ಅವರಿಂದಲೇ ಕೈಗಡ ಪಡೆಯಬೇಕಾಯಿತು. ನಾವು ಕೂಲಿ ಕೊಡಬೇಕಾದ ಮನುಷ್ಯನ ಮುಂದೆ ಕೈಚಾಚಿದ ಆ ಮುಜುಗರ ನನಗೆ ಇಂದಿಗೂ ಹೋಗಿಲ್ಲ.

ಲೆಕ್ಕದ ಪುಸ್ತಕದವರು ಹೇಳಿದ ಸರಾಸರಿ ಗಣಿತದಲ್ಲಿ ಸರಿಯೇ. ಆದರೆ ಆ ದಾರಿಯಲ್ಲಿ ಅಗ್ಗದ ದಿನಗಳು ಮೊದಲು ಬರುತ್ತವೆ, ದುಬಾರಿ ದಿನಗಳು ಕೊನೆಗೆ ಬರುತ್ತವೆ, ಮತ್ತು ನಡುವೆ ಹಣ ತೆಗೆಯಲು ನಂಬಬಹುದಾದ ಸ್ಥಳವಿಲ್ಲ. ಬೇಸಿಸಹರ್ ಬಿಟ್ಟ ಮೇಲೆ ಜೋಮ್‌ಸೋಮ್ ತಲುಪುವವರೆಗೆ ಎಟಿಎಂ ಇಲ್ಲವೆಂದೇ ಭಾವಿಸಿ ಹೊರಡಬೇಕು. ಕಠ್ಮಂಡು ಮತ್ತು ಪೋಖರಾದ ಅಂಗಡಿಗಳಲ್ಲಿ ನಮ್ಮ ಯುಪಿಐ 2024ರಿಂದ ಫೋನ್‌ಪೇ ಎಂಬ ಅಲ್ಲಿನ ಜಾಲದ ಮೂಲಕ ನಡೆಯುತ್ತದೆ, ನಿಜ (ನಮ್ಮ ಫೋನ್‌ಪೇ ಬೇರೆ, ಅದು ಬೇರೆ). ಆದರೆ 4,000 ಮೀಟರಿನ ಮೇಲೆ ಸಿಗ್ನಲ್ಲೇ ಇಲ್ಲದ ಅಡುಗೆಮನೆಯಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಈಗ ಲೆಕ್ಕ. ಎಲ್ಲವನ್ನೂ ನೇಪಾಳಿ ರೂಪಾಯಿಯಲ್ಲಿ, ಒಬ್ಬರಿಗೆಂದು ಹೇಳುತ್ತೇನೆ. ಇದು ಅಂದಾಜು, ದರ ಪ್ರತಿ ವರ್ಷ ಅಷ್ಟಿಷ್ಟು ಏರುತ್ತದೆ. ಬೇಸಿಸಹರ್, ಚಾಮೆ ಮತ್ತು ಪಿಸಾಂಗ್‌ನ ಮೂರು ರಾತ್ರಿಗಳಿಗೆ ದಿನಕ್ಕೆ 2,400ರಂತೆ 7,200 ಆಗುತ್ತದೆ. ಮನಾಂಗ್‌ನ ಎರಡು ರಾತ್ರಿಗೆ 2,800ರಂತೆ 5,600. ಯಾಕ್ ಖರ್ಕ ಮತ್ತು ಫೇದಿಯಲ್ಲಿ 3,500ರಂತೆ 7,000. ದಾಟಿದ ಮೇಲೆ ಮುಕ್ತಿನಾಥ ಮತ್ತು ಜೋಮ್‌ಸೋಮ್‌ಗೆ 2,600ರಂತೆ 5,200. ಒಂಬತ್ತು ರಾತ್ರಿಗೆ ಒಟ್ಟು 25,000. ಮೇಲೆ ಹೋದಂತೆ ದರ ಏರುವುದಕ್ಕೆ ಅಂಗಡಿಯವರ ದುರಾಸೆ ಕಾರಣವಲ್ಲ. ಜೀಪಿನ ರಸ್ತೆ ಮುಗಿದಲ್ಲಿಂದ ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಹೇಸರಗತ್ತೆಯ ಬೆನ್ನಿನ ಮೇಲೋ ಮನುಷ್ಯರ ಬೆನ್ನಿನ ಮೇಲೋ ಬರಬೇಕು.

ನೀವು ಪೂರ್ತಿ ಮರೆತಿರುವುದು ಗೈಡ್ ಕೂಲಿಯನ್ನು. ವಿದೇಶಿ ಚಾರಣಿಗರು ಗೈಡ್ ಜೊತೆಯಲ್ಲೇ ಹೋಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ದಿನಕ್ಕೆ 3,500 ಎಂದುಕೊಂಡರೆ, ಅವರ ಊಟ ವಸತಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ಹತ್ತು ದಿನಕ್ಕೆ 35,000 ಆಗಿ ನಿಮ್ಮಿಬ್ಬರಲ್ಲಿ ತಲಾ 17,500 ಬೀಳುತ್ತದೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪರ್ಮಿಟ್ ಸಾರ್ಕ್ ದೇಶಗಳ ಪ್ರಜೆಗಳಿಗೆ 1,000, ಟಿಮ್ಸ್ ಕಾರ್ಡ್ (ಚಾರಣಿಗರ ನೋಂದಣಿ ಚೀಟಿ) ಇನ್ನೊಂದು 1,000. ಬಸ್ಸು ಮತ್ತು ಜೀಪುಗಳಿಗೆ ಎಲ್ಲ ಸೇರಿ 5,500 ಇಟ್ಟುಕೊಳ್ಳಿ. ಇಲ್ಲಿಗೆ 50,000 ಆಯಿತು, ಅಂದರೆ ನಮ್ಮ 31,250. ನಿಮ್ಮ 25,000 ಇಲ್ಲಿಯೇ 6,250 ಕಡಿಮೆ ಬಿತ್ತು. ಕೊನೆಯಲ್ಲಿ ಗೈಡ್‌ಗೆ ಕೊಡುವ ಬಕ್ಷೀಸನ್ನು ನಾನು ಸೇರಿಸಿಯೇ ಇಲ್ಲ.

ಇದರ ಮೇಲೆ ಮೂರು ದಿನಗಳ ಇಡುಗಂಟು ಬೇಕು. ಅದನ್ನು ಸರಾಸರಿ ದರದಲ್ಲಲ್ಲ, ಅತಿ ದುಬಾರಿ ದಿನದ ದರದಲ್ಲಿ ಇಡಬೇಕು, ಏಕೆಂದರೆ ನೀವು ಸಿಕ್ಕಿಬೀಳುವುದು ಮೇಲೆಯೇ. 3,500ಕ್ಕೆ ಗೈಡ್ ಕೂಲಿಯ ಅರ್ಧ 1,750 ಕೂಡಿಸಿದರೆ ದಿನಕ್ಕೆ 5,250, ಮೂರು ದಿನಕ್ಕೆ 15,750. ಒಟ್ಟು 65,750, ನಮ್ಮ ಸುಮಾರು 41,100 ರೂಪಾಯಿ. ಆ 15,750 ಅನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಚೀಲದ ತಳದಲ್ಲಿಡಿ. ಥೋರಾಂಗ್ ಲಾ ದಾಟುವವರೆಗೆ ಅದನ್ನು ಸೇಬಿನ ಪೈಗಾಗಿ ತೆರೆಯಬಾರದು.

ಲೆಕ್ಕದ ಪುಸ್ತಕ:

ಗೈಡ್ ಕೂಲಿಯನ್ನು ನಾನು ಗಮನಿಸಿರಲಿಲ್ಲ, ಆ ಮಟ್ಟಿಗೆ ನನ್ನ ಉತ್ತರ ತಪ್ಪು. ಆದರೆ ಮೂರು ದಿನಗಳ ಇಡುಗಂಟು ಅತಿಯಾಯಿತೆಂದು ಈಗಲೂ ಅನ್ನಿಸುತ್ತದೆ. ಅಕ್ಟೋಬರ್ ಕೊನೆ ಎಂದರೆ ಆಕಾಶ ತಿಳಿಯಾಗಿರುವ ಕಾಲ. ಒಂದು ದಿನ ಸಾಕಾಗದೇ? ಬೇಕಾದರೆ ಜೀಪಿನಲ್ಲಿ ಇನ್ನೂ ಮುಂದಕ್ಕೆ, ಮನಾಂಗ್‌ವರೆಗೇ ಹೋಗಿ ಎರಡು ದಿನ ಉಳಿಸಿದರೆ ಆ ಹಣವೇ ಇಡುಗಂಟಾಗುತ್ತದಲ್ಲ.

ಊರ ವೈದ್ಯೆ:

ಕೊನೆಯ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಬೇಸಿಸಹರ್ ಇರುವುದು ಸುಮಾರು 760 ಮೀಟರಿನಲ್ಲಿ, ಮನಾಂಗ್ ಇರುವುದು ಸುಮಾರು 3,540 ಮೀಟರಿನಲ್ಲಿ. ಒಂದೇ ದಿನ ಜೀಪಿನಲ್ಲಿ ಅಷ್ಟು ಏರಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮವೆಂದರೆ, 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ವಿಶ್ರಮಿಸಬೇಕು. ಮನಾಂಗ್‌ನ ಎರಡನೆಯ ರಾತ್ರಿ ಆ ಲೆಕ್ಕದಲ್ಲಿ ಬರುವುದೇ ಹೊರತು ಅದು ಸುಖಕ್ಕಾಗಿ ಇಟ್ಟ ದಿನವಲ್ಲ. ದಿನ ಉಳಿಸಿ ಹಣ ಉಳಿಸುವ ಉಪಾಯ ಬಯಲುಸೀಮೆಯ ಪ್ರವಾಸಕ್ಕೆ ಸರಿ, ಇಲ್ಲಿ ಹಾಗೆ ಉಳಿಸಿದ ದಿನ ಮೇಲಿನ ಹಾಸಿಗೆಯಲ್ಲಿ ತಲೆನೋವಾಗಿ ಮರಳಿ ಬರುತ್ತದೆ. ಅಲ್ಲಿಂದ ಮುಂದೆ ಮಿದುಳಿಗೆ ಅಥವಾ ಶ್ವಾಸಕೋಶಕ್ಕೆ ನೀರು ತುಂಬಿದರೆ ಕೂಡಲೇ ಇಳಿಸುವುದು, ಸಾಧ್ಯವಾಗದಿದ್ದರೆ ಹೆಲಿಕಾಪ್ಟರ್ ಕರೆಸುವುದು, ಇವೆರಡೇ ದಾರಿ. ಹೆಲಿಕಾಪ್ಟರಿನ ಬಿಲ್ಲು ಸಾವಿರಾರು ಡಾಲರುಗಳಲ್ಲಿ ಬರುತ್ತದೆ. ಆದ್ದರಿಂದ ವಿಮೆ ಕೊಳ್ಳುವಾಗ ಅದು ಎಷ್ಟು ಮೀಟರ್ ಎತ್ತರದವರೆಗಿನ ಚಾರಣಕ್ಕೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆ ಅದರಲ್ಲಿದೆಯೇ ಎಂಬೆರಡು ಸಾಲುಗಳನ್ನು ಓದದೆ ಹಣ ಕಟ್ಟಬೇಡಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು ಥೋರಾಂಗ್ ಲಾ ಎತ್ತರಕ್ಕೆ ಬಹಳ ಕೆಳಗೇ ನಿಂತುಬಿಡುತ್ತವೆ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವಿದೆ. ಚಾರಣದ ಋತುವಿನಲ್ಲಿ ಅಲ್ಲಿನ ವೈದ್ಯರು ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆಯ ಬಗ್ಗೆ ಮಾತನಾಡುತ್ತಾರೆ. ವಿಶ್ರಾಂತಿಯ ದಿನ ನೀವಿಬ್ಬರೂ ಹೋಗಿ ಕೇಳಿ. ಆ ಕಾಯಿಲೆ ತಡೆಯಲು ಬಳಸುವ ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರೆಂದು ನುಂಗದೆ ನಿಮ್ಮ ವೈದ್ಯರನ್ನು ಊರಿನಲ್ಲೇ ವಿಚಾರಿಸಿಕೊಳ್ಳಿ.

ನನ್ನ ನಿಜವಾದ ಆತಂಕ ನಿಮ್ಮ ತಂದೆ ತಾಯಿಯ ಬಗ್ಗೆ. ಪೋಖರಾ ಸುಮಾರು 820 ಮೀಟರಿನಲ್ಲಿದೆ, ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಅವರನ್ನು ಒಂದೇ ದಿನದಲ್ಲಿ ಅಲ್ಲಿಗೇರಿಸಿ ಅಲ್ಲಿಯೇ ಮಲಗಿಸುವ ಯೋಜನೆ ಬೇಡ. ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಏರಿ ದರ್ಶನ ಮುಗಿಸಿ ಸಂಜೆಯೊಳಗೆ ಮತ್ತೆ ಜೋಮ್‌ಸೋಮ್‌ಗೆ ಇಳಿಯಲಿ. ದೇವಸ್ಥಾನದ ಹಿಂದಿನ 108 ಧಾರೆಗಳ ನೀರು ಹಿಮದಷ್ಟೇ ತಣ್ಣಗಿರುತ್ತದೆ. ಎಲ್ಲ ಧಾರೆಗಳ ಕೆಳಗೂ ಓಡಬೇಕೆಂಬ ಹಟವಿದ್ದರೆ ಮನೆಯವರು ತಡೆಯಬೇಕು, ತಲೆಗೆ ಪ್ರೋಕ್ಷಿಸಿಕೊಂಡರೂ ಪುಣ್ಯಕ್ಕೆ ಕೊರತೆಯಾಗದು.

ಕೊಡಚಾದ್ರಿ ಕಾಲುದಾರಿ:

ಮೇಡಂ ಹೇಳಿದ್ದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ, ಏಕೆಂದರೆ ಇಡೀ ಲೆಕ್ಕ ಮುಗ್ಗರಿಸುವುದು ಇಲ್ಲಿಯೇ. ಎಂಟನೆಯ ದಿನ ಸಂಜೆ ಮುಕ್ತಿನಾಥದಲ್ಲಿ ತಂದೆ ತಾಯಿ ಕಾಯುತ್ತಿರುತ್ತಾರೆಂದು ನಿಶ್ಚಯವಾದ ಕ್ಷಣವೇ ನಿಮ್ಮ ಇಡುಗಂಟಿನ ಮೂರು ದಿನಗಳು ಕಾಗದದ ಮೇಲೆ ಮಾತ್ರ ಉಳಿಯುತ್ತವೆ. ಲಕೋಟೆಯಲ್ಲಿ ಹಣವಿದ್ದರೂ ಕಾಯಲು ಮನಸ್ಸು ಒಪ್ಪುವುದಿಲ್ಲ. ನನಗೆ ಹಣದ ಒತ್ತಡವಿತ್ತು, ನಿಮಗೆ ತಾರೀಖಿನ ಒತ್ತಡವಿರುತ್ತದೆ.

ಅಕ್ಟೋಬರ್ ಆಕಾಶ ತಿಳಿಯೆಂದು ಲೆಕ್ಕದ ಪುಸ್ತಕದವರು ಹೇಳಿದರು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಕರಾವಳಿಗೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಉಳಿಕೆ ಎರಡು ದಿನಗಳ ಬಳಿಕ ಇದೇ ಥೋರಾಂಗ್ ಲಾ ಮತ್ತು ಅದರ ಆಸುಪಾಸಿನಲ್ಲಿ ಹಿಮಬಿರುಗಾಳಿಯಾಗಿ ಸುರಿದು, ಚಾರಣಿಗರು ಮತ್ತು ಸ್ಥಳೀಯರು ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ಅದು ಚಾರಣದ ಅತ್ಯುತ್ತಮ ಋತುವೇ ಆಗಿತ್ತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆಂಬ ಸುದ್ದಿ ಕೇಳಿದರೆ ಮನಾಂಗ್‌ನಲ್ಲೇ ಕುಳಿತು ಕಾಯುವಷ್ಟು ಹಣವೂ ದಿನವೂ ನಿಮ್ಮ ಬಳಿ ಇರಬೇಕು. ಒಂದು ದಿನ ಅದಕ್ಕೆ ಸಾಲದು.

ಆದ್ದರಿಂದ ಭೇಟಿಯ ಸ್ಥಳವನ್ನು ಪೋಖರಾಕ್ಕೆ ಬದಲಿಸಿ. ನೀವು ದಾಟಿ ಇಳಿದು ಪೋಖರಾ ತಲುಪಿದ ಮೇಲೆ ಅವರೊಂದಿಗೆ ಜೀಪಿನಲ್ಲಿ ಮತ್ತೆ ಮುಕ್ತಿನಾಥಕ್ಕೆ ಹೋಗಬಹುದು. ಒಂದೇ ದಾರಿಯಲ್ಲಿ ಎರಡು ಬಾರಿ ಓಡಾಡುವ ಖರ್ಚು ಹೆಚ್ಚಾಗುತ್ತದೆ, ನಿಜ. ಅವರು ಒಂದೆರಡು ದಿನ ಕಾಯಬೇಕಾಗಿ ಬಂದರೂ ಪೋಖರಾದಲ್ಲಿ ಕೆರೆಯ ದಂಡೆಯಿದೆ, ಒಳ್ಳೆಯ ಊಟ ಸಿಗುತ್ತದೆ, ಆಸ್ಪತ್ರೆಯಿದೆ.

ಮರಳುಗಾಡಿನ ಮಲೆನಾಡಿಗ:

ನಾನು ದುಬೈನಿಂದ ಬರೆಯುತ್ತಿದ್ದೇನೆ. ವಿದೇಶದಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಒಂದು ಮಾತು. ಪರ್ಮಿಟ್‌ನ ದರ ನಿರ್ಧಾರವಾಗುವುದು ನಿಮ್ಮ ಪಾಸ್‌ಪೋರ್ಟ್ ನೋಡಿ, ನೀವು ಎಲ್ಲಿ ವಾಸಿಸುತ್ತೀರಿ ಎಂಬುದನ್ನು ನೋಡಿಯಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವ ನನಗೆ ವೀಸಾ ಬೇಕಾಗಲಿಲ್ಲ, ಸಾರ್ಕ್ ದರವೇ ಅನ್ವಯಿಸಿತು. ನನ್ನೊಂದಿಗೆ ಬಂದ ಅಣ್ಣ ಅಮೆರಿಕದ ಪ್ರಜೆಯಾದ್ದರಿಂದ 30 ದಿನದ ವೀಸಾಕ್ಕೆ 50 ಡಾಲರ್, ಅನ್ನಪೂರ್ಣ ಪರ್ಮಿಟ್‌ಗೆ 3,000, ಟಿಮ್ಸ್‌ಗೆ 2,000 ನೇಪಾಳಿ ರೂಪಾಯಿ ತೆತ್ತರು. ಕನ್ನಡ ಮಾತನಾಡಿದರೆ ರಿಯಾಯಿತಿ ಸಿಗಬಹುದೇ ಎಂದು ಕೌಂಟರಿನಲ್ಲಿ ತಮಾಷೆ ಮಾಡಿದರು, ಸಿಗಲಿಲ್ಲ.

ಬುತ್ತಿ ಕಟ್ಟಿದವಳು:

ನಾವು ಶುದ್ಧ ಸಸ್ಯಾಹಾರಿಗಳು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಹುರಿಗಡಲೆ ಕೊಂಡೊಯ್ದು ಟೀಹೌಸಿನಲ್ಲಿ ಬಿಸಿನೀರು ಮಾತ್ರ ತೆಗೆದುಕೊಂಡರೆ ಊಟದ ಖರ್ಚನ್ನು ಅರ್ಧಕ್ಕೆ ಇಳಿಸಬಹುದಲ್ಲವೇ?

ಕೊಡಚಾದ್ರಿ ಕಾಲುದಾರಿ:

ಅಕ್ಕ, ಚಟ್ನಿಪುಡಿಯನ್ನು ಖಂಡಿತ ಒಯ್ಯಿರಿ, ಐದನೆಯ ದಿನ ಅದಕ್ಕಿಂತ ದೊಡ್ಡ ಆಸ್ತಿ ಇರುವುದಿಲ್ಲ. ಆದರೆ ಊಟವನ್ನು ಅಲ್ಲಿಯೇ ಮಾಡಿ. ಟೀಹೌಸುಗಳು ಕೋಣೆಯನ್ನು ಅಷ್ಟು ಕಡಿಮೆ ಬಾಡಿಗೆಗೆ ಕೊಡುವುದು ಸಂಜೆಯ ಮತ್ತು ಬೆಳಗಿನ ಊಟವನ್ನು ಅವರ ಅಡುಗೆಮನೆಯಲ್ಲೇ ತೆಗೆದುಕೊಳ್ಳುತ್ತೀರೆಂಬ ನಂಬಿಕೆಯ ಮೇಲೆ. ಹಾಗೆ ಮಾಡದಿದ್ದರೆ ಬಾಡಿಗೆ ಏರುತ್ತದೆ, ಕೆಲವೆಡೆ ಕೋಣೆಯೇ ಸಿಗುವುದಿಲ್ಲ, ಅದು ನ್ಯಾಯವೂ ಹೌದು. ಸಸ್ಯಾಹಾರಿಗಳಿಗೆ ದಾಲ್ ಭಾತ್ ಇದ್ದೇ ಇದೆ. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ, ಜೊತೆಗೆ ಬೇಕೆಂದಷ್ಟು ಬಾರಿ ಬಡಿಸುತ್ತಾರೆ. 'ದಾಲ್ ಭಾತ್ ಪವರ್, 24 ಅವರ್' ಎಂದು ಅಲ್ಲಿ ಅಂಗಿಗಳ ಮೇಲೇ ಅಚ್ಚು ಹಾಕಿಸಿ ಮಾರುತ್ತಾರೆ. ಪಟ್ಟಿಯಲ್ಲಿ ಪಿಜ್ಜಾ, ಪಾಸ್ತಾಗಳನ್ನು ನೋಡಿ ಮರುಳಾಗದೆ ದಿನಕ್ಕೊಮ್ಮೆಯಾದರೂ ಇದನ್ನು ತೆಗೆದುಕೊಂಡರೆ ಹೊಟ್ಟೆಯೂ ತುಂಬುತ್ತದೆ, ಲೆಕ್ಕವೂ ಹಿಡಿತದಲ್ಲಿರುತ್ತದೆ.

ನಿಜವಾಗಿ ಉಳಿಸಬಹುದಾದದ್ದು ನೀರಿನಲ್ಲಿ. ಮೇಲೆ ಹೋದಂತೆ ಬಾಟಲಿ ನೀರಿನ ಬೆಲೆ ಹಲವು ಪಟ್ಟಾಗುತ್ತದೆ, ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಲೇಬೇಕು. ನೀರು ಶುದ್ಧಿ ಮಾಡುವ ಕ್ಲೋರಿನ್ ಮಾತ್ರೆಗಳನ್ನು ಇಬ್ಬರಿಗೆ ಇಡೀ ದಾರಿಗೆ ಸಾಕಾಗುವಷ್ಟು ಒಯ್ಯಿರಿ. ದಪ್ಪ ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗನ್ನು ಬೆಂಗಳೂರಿನಲ್ಲಿ ಕೊಳ್ಳದೆ ಕಠ್ಮಂಡುವಿನ ಥಮೇಲ್‌ನಲ್ಲಿ ದಿನಬಾಡಿಗೆಗೆ ಪಡೆಯಿರಿ. ಆದರೆ ಬೂಟುಗಳನ್ನು ಮಾತ್ರ ಈಗಲೇ ಕೊಂಡು ತಿಂಗಳೊಪ್ಪತ್ತು ಹಾಕಿ ಪಳಗಿಸಿಕೊಳ್ಳಿ.

ಲೆಕ್ಕದ ಪುಸ್ತಕ:

ಇಷ್ಟು ಓದಿದ ಮೇಲೆ ನನ್ನ ಮೊದಲ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇನೆ. ಪರಿಹಾರವಾಗಿ ಒಂದು ಉಳಿತಾಯದ ದಾರಿ ಹೇಳುತ್ತೇನೆ. ನಿಮಗೆ ರಜೆಯಿದ್ದರೆ ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ, ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ಸುನೌಲಿಯಲ್ಲಿ ಗಡಿ ದಾಟಿದರೆ ಪೋಖರಾಕ್ಕೂ ಕಠ್ಮಂಡುವಿಗೂ ಬಸ್ಸುಗಳಿವೆ. ದಾರಿಯಲ್ಲೇ ಮೂರು ದಿನ ಕಳೆಯುತ್ತವೆ, ಆದರೆ ವಿಮಾನದ ದರಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ನಿಮ್ಮ ಇಡುಗಂಟಿನ ಬಹುಪಾಲು ಹುಟ್ಟಬಹುದು. ದಸೈಂ ಮತ್ತು ತಿಹಾರ್ ಹಬ್ಬಗಳ ಆಸುಪಾಸಿನಲ್ಲಿ ಇಡೀ ನೇಪಾಳ ಊರಿಗೆ ಹೊರಟಿರುತ್ತದೆ. ಹಬ್ಬದ ತಾರೀಖು ನೋಡದೆ ಬಸ್ಸಿನ ಆಸನ ಸಿಗುತ್ತದೆಂದು ನಂಬಬೇಡಿ.

ಹೇಮಾವತಿ ದಂಡೆ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮನೆಯವರೆಲ್ಲ ಕುಳಿತು ಯೋಜನೆಯನ್ನು ಮತ್ತೆ ಬರೆದೆವು. ಅಪ್ಪನಿಗೆ ಮೊದಲು ಬೇಸರವಾಯಿತು, ಮಗ ಸೊಸೆ ಬೆಟ್ಟ ಇಳಿದು ಬರುವುದನ್ನು ದೇವಸ್ಥಾನದ ಬಾಗಿಲಲ್ಲೇ ನಿಂತು ನೋಡಬೇಕೆಂದು ಅವರು ಅಂದುಕೊಂಡಿದ್ದರು. ಜೋಮ್‌ಸೋಮ್‌ನಲ್ಲಿ ತಂಗುವ ಮಾತು ಬಂದಾಗ ಅಮ್ಮ, ಸಾಲಿಗ್ರಾಮ ಸಿಗುವ ಗಂಡಕಿ ನದಿ ಅಲ್ಲೇ ಪಕ್ಕದಲ್ಲಿ ಹರಿಯುತ್ತದೆಯಂತೆ ಎಂದು ನೆನಪಿಸಿದ್ದರಿಂದ ಒಪ್ಪಿದರು. ಈಗ ಅವರು ಹನ್ನೆರಡನೆಯ ದಿನ ಪೋಖರಾಕ್ಕೆ ಬರುತ್ತಾರೆ. ಹತ್ತು ದಿನಗಳ ಚಾರಣಕ್ಕೆ ಮೂರು ದಿನ ಕೂಡಿಸಿಕೊಂಡಿದ್ದೇವೆ. ಮೂರೂ ಮೇಲೆಯೇ ಖರ್ಚಾದರೆ ಅವರು ಒಂದು ದಿನ ಕೆರೆಯ ದಂಡೆಯಲ್ಲಿ ಕಾಯುತ್ತಾರೆ. ಒಬ್ಬರಿಗೆ 42,000 ರೂಪಾಯಿ ಎಂದು ನಿಗದಿ ಮಾಡಿಕೊಂಡಿದ್ದೇವೆ. ಗೈಡ್‌ಗೆ ಕೊಡುವ ಬಕ್ಷೀಸನ್ನು ಪ್ರತ್ಯೇಕವಾಗಿ ಇಟ್ಟಿದ್ದೇವೆ. ಇಷ್ಟು ಸೇರಿಸುವುದಕ್ಕೆ ಹೊಸ ಕ್ಯಾಮೆರಾದ ಆಸೆಯನ್ನು ಕೈಬಿಟ್ಟದ್ದಾಯಿತು.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಹಣವನ್ನು ಭಾರತೀಯ ನೋಟುಗಳಲ್ಲೇ ಒಯ್ಯಬಹುದೇ? ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ಇಲ್ಲ, ಇಬ್ಬರಿಗೂ 65 ದಾಟಿದೆ. ಆಧಾರ್ ಸಾಕೇ?

ಕೊಡಚಾದ್ರಿ ಕಾಲುದಾರಿ:

65 ದಾಟಿದವರಿಗೆ ಭಾವಚಿತ್ರವಿರುವ ಆಧಾರ್ ನಡೆಯುತ್ತದೆ. ಆದರೂ ಮತದಾರರ ಗುರುತಿನ ಚೀಟಿ ಇದ್ದರೆ ಅದನ್ನೂ ಜೊತೆಗಿಡಲಿ. ನಿಮ್ಮಿಬ್ಬರಿಗೆ ಆಧಾರ್ ಸಾಲದು, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕೇ ಬೇಕು. ನೋಟುಗಳ ವಿಷಯದಲ್ಲಿ, 2018ರ ಕೊನೆಯಲ್ಲಿ ನೇಪಾಳ ಸರ್ಕಾರ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಆ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ವಾರ ಎರಡೂ ಕಡೆಯ ಈಗಿನ ನಿಯಮವನ್ನು ನೋಡಿಕೊಳ್ಳಿ. 100ರ ನೋಟು ಮೊದಲಿನಿಂದಲೂ ನಡೆದಿದೆ. ಏನೇ ಒಯ್ದರೂ ಕಠ್ಮಂಡುವಿನಲ್ಲೇ ನೇಪಾಳಿ ರೂಪಾಯಿಗೆ ಬದಲಿಸಿಕೊಳ್ಳಿ, ಅದರಲ್ಲಿಯೂ 1,000ದ ನೋಟುಗಳನ್ನೇ ತುಂಬಿಕೊಳ್ಳದೆ 100 ಮತ್ತು 500ರದ್ದನ್ನು ಹೆಚ್ಚಾಗಿ ಕೇಳಿ ಪಡೆಯಿರಿ. ಯಾಕ್ ಖರ್ಕದ ಅಜ್ಜಿಯೊಬ್ಬರು ನನಗೆ 150 ರೂಪಾಯಿಯ ಚಹಾಕ್ಕೆ ಚಿಲ್ಲರೆ ಇಲ್ಲವೆಂದು, ಉಳಿದದ್ದಕ್ಕೆ ಇನ್ನೂ ಎರಡು ಚಹಾ ಮತ್ತು ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು ಕಳಿಸಿದ್ದರು.

ಹೇಮಾವತಿ ದಂಡೆ:

ಕಾಲುಚೀಲ ಬೆಚ್ಚಗಿತ್ತೇ, ಸರ್?

ಕೊಡಚಾದ್ರಿ ಕಾಲುದಾರಿ:

ಥೋರಾಂಗ್ ಲಾ ದಾಟಿದ್ದು ಅದನ್ನು ಹಾಕಿಕೊಂಡೇ. ಈಗಲೂ ಇದೆ, ಹಿಮ್ಮಡಿಯ ಹತ್ತಿರ ತೂತಾಗಿದೆ.